ಗೇಮಿನ ಹಿನ್ನೆಲೆ ಪಾತ್ರಗಳು: ಬರೆದಿಟ್ಟ ಮಾತು, ದಿನಚರಿ, ಇಲ್ಲಾ ಎಐ?

ಗೇಮಿನ ಪೇಟೆ ಬೀದಿ ತುಂಬ ಜನ ಬೇಕು, ಅವರಿಗೆ ಈ ಮೂರರಲ್ಲಿ ಯಾವುದನ್ನು ಆರಿಸಲಿ ಅಂತ ಕೇಳಿದ್ದೀರಿ.

ಮೊದಲು ಖರ್ಚು. ಮಾತು ಬರೆದಿಡುವುದು ಒಂದು ಸಲದ ಕೆಲಸ. ದಿನಚರಿಗೆ, ಅಂದರೆ ಪಾತ್ರಗಳು ಹೊತ್ತಿಗೆ ತಕ್ಕಂತೆ ತಮ್ಮ ಕೆಲಸ ಮಾಡಿಕೊಂಡಿರುವುದಕ್ಕೆ, ಪ್ರೋಗ್ರಾಮಿಂಗ್ ಜಾಸ್ತಿ. ಎಐ ಅಂದರೆ ಇಲ್ಲಿ ಭಾಷಾ ಮಾಡೆಲ್, ಆಟಗಾರನ ಮಾತಿಗೆ ಆಗಿಂದಾಗ ಉತ್ತರ ಕಟ್ಟುವ ಪ್ರೋಗ್ರಾಂ. ಅದು ಬಾಡಿಗೆ ಸರ್ವರಿನಲ್ಲಿದ್ದರೆ ಆಟಗಾರ ಬಾಯಿ ಬಿಟ್ಟಾಗಲೆಲ್ಲ ನಿಮಗೆ ಖರ್ಚು, ಗೇಮ್ ಮಾರಿ ವರ್ಷಗಳಾದ ಮೇಲೂ. ಅವನ ಕಂಪ್ಯೂಟರಿನಲ್ಲೇ ಓಡಿಸಿದರೆ ಗ್ರಾಫಿಕ್ಸಿಗೆ ಬೇಕಾದ ಮೆಮೊರಿಯನ್ನೇ ಅದು ತಿನ್ನುತ್ತದೆ.

ಜೀವಂತಿಕೆ ಬೇಕೆಂದರೆ ಮಾತೇ ಬೇಕಿಲ್ಲ. 2006ರ ಆಬ್ಲಿವಿಯನ್ ಗೇಮಿನಲ್ಲಿ ಅಂಗಡಿಯವನು ರಾತ್ರಿ ಬಾಗಿಲು ಹಾಕಿ ಮಲಗಲು ಹೋಗುತ್ತಾನೆ. ಅಷ್ಟಕ್ಕೇ ಊರು ನಿಜ ಅನಿಸುತ್ತದೆ, ಅಲ್ವಾ? ಬರೆದಿಟ್ಟ ಮಾತು ಮೂರನೇ ಸಲಕ್ಕೆ ಹಳಸುತ್ತದೆ, ಅದು ನಿಜ.

ನನಗೆ ಹೆಚ್ಚು ಭಯ ನಂಬಿಕೆಯದ್ದು. "ಬೆಟ್ಟದ ಗುಹೆಯಲ್ಲಿ ಕತ್ತಿ ಇದೆ" ಅಂತ ಮಾಡೆಲ್ ಸುಮ್ನೆ ಕಟ್ಟಿ ಹೇಳಿದರೆ, ಇಲ್ಲದ ಗುಹೆಗಾಗಿ ಆಟಗಾರ ಗಂಟೆಗಟ್ಟಲೆ ಅಲೆಯುತ್ತಾನೆ. ಉತ್ತರ ಬರುವುದೂ ಕೊಂಚ ತಡ.

ಕಥೆ ಬಿಗಿಯಾಗಿದ್ದು ತಂಡ ಚಿಕ್ಕದಿದ್ದರೆ ಬರೆದಿಡಿ. ಊರಲ್ಲಿ ಸುತ್ತುವುದೇ ಆಟವಾದರೆ ದಿನಚರಿ. ಪಾತ್ರವನ್ನು ಮಾತಿನಲ್ಲಿ ಒಲಿಸುವುದೇ ಆಟದ ತಿರುಳಾದರೆ ಮಾತ್ರ ಮಾಡೆಲ್, ಅದೂ ಒಂದೆರಡು ಪಾತ್ರಗಳಿಗೆ, ಊರಿನ ನಿಜ ಸಂಗತಿಗಳ ಪಟ್ಟಿಯನ್ನು ಅದರ ಕೈಗೆ ಕೊಟ್ಟು.