ಬಿಎಂಟಿಸಿ ಎಲೆಕ್ಟ್ರಿಕ್ ಬಸ್: ಸ್ಕೂಟರ್ ಮನೇಲೇ ಇರ್ಲಿ

ಬಿಎಂಟಿಸಿದು ಎಸಿ ಇಲ್ದಿರೋ ಎಲೆಕ್ಟ್ರಿಕ್ ಬಸ್ಸಲ್ಲೇ ಆಫೀಸ್‌ಗೆ ಹೋಗ್ತೀನಿ, ನಿಜವಾಗ್ಲೂ ತುಂಬಾ ಇಷ್ಟ ಆಗಿದೆ. ಗೇರ್ ಜರ್ಕ್ ಇಲ್ಲ, ಡೀಸೆಲ್ ವಾಸ್ನೆ ಇಲ್ಲ, ನೆಲ ತಗ್ಗಿರೋದ್ರಿಂದ ಮಂಡಿನೋವಿರೋ ಅಮ್ಮನೂ ಯಾರ ಕೈನೂ ಹಿಡೀದೆ ಹತ್ತಿದ್ರು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆಯಲ್ಲ, ಹೆಂಗಸ್ರು ಕರ್ನಾಟಕದ ವಿಳಾಸ ಇರೋ ಐಡಿ ತೋರ್ಸಿದ್ರೆ ಕಂಡಕ್ಟರ್ ಶೂನ್ಯ ಟಿಕೆಟ್ ಕೊಡ್ತಾರೆ, ಮನೆಗೆಲಸದೋರು, ಗಾರ್ಮೆಂಟ್ಸ್‌ಗೆ ಹೋಗೋರು ಎಲ್ರಿಗೂ ಆ ದುಡ್ಡು ಉಳೀತು, ಇಂಥ ಪಾಲಿಸಿ ಬಂದ್ರೇನೇ ಜನ ಬಸ್ ಹತ್ತೋದು. (ವಜ್ರ ಅನ್ನೋ ಎಸಿ ಬಸ್ಸಲ್ಲಿ ಇದು ನಡೆಯಲ್ಲ, ನೆನಪಿರ್ಲಿ.) 2019ರಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆಆರ್ ಪುರಂವರೆಗೆ ಮಾಡಿದ್ದ ಬಸ್ ಲೇನ್ ಥರದ್ದು ಊರೆಲ್ಲಾ ಬೇಕು, ಇಲ್ಲಾಂದ್ರೆ ಎಷ್ಟೇ ಒಳ್ಳೆ ಬಸ್ ತಂದ್ರೂ ಒಬ್ಬೊಬ್ರೇ ಕೂತಿರೋ ಕಾರುಗಳ ಹಿಂದೆ ನಿಂತಿರ್ಬೇಕಾಗತ್ತೆ. ನನ್ನ ಕಡೆಯಿಂದ 5ಕ್ಕೆ 4 ಸ್ಟಾರ್.