ಬೀಳು ಜಮೀನು: ಬಾತಿಗೆ ಕುಂಟೆಯೋ, ಗೌಜಲಕ್ಕಿಗೆ ಹುಲ್ಲೋ?

ಹೆಸರಘಟ್ಟದ ಕಡೆ ಇರುವ ಜಮೀನನ್ನು ಹಕ್ಕಿಗಳಿಗೆ ಬಿಡಬೇಕು ಅಂತಿದ್ದೀರಾ? ಮೊದಲು ಮಣ್ಣು ನೋಡಿ. ಮಳೆನೀರು ತಾನಾಗಿ ನಿಲ್ಲುವ ತಗ್ಗು, ಜೇಡಿಮಣ್ಣು ಇದ್ದರೆ ಕುಂಟೆ, ಅಂದರೆ ಚಿಕ್ಕ ಕೊಳ, ಸರಿ. ಆದರೆ ಕೃಷಿಹೊಂಡದ ಹಾಗೆ ಆಳಕ್ಕೆ ಅಗೆದು ಪ್ಲಾಸ್ಟಿಕ್ ಹಾಸಬೇಡಿ. ಚುಕ್ಕೆ ಕೊಕ್ಕಿನ ಬಾತು ಆಳಕ್ಕೆ ಮುಳುಗಿ ಮೇಯುವ ಹಕ್ಕಿಯಲ್ಲ. ತಲೆ ನೀರೊಳಗೆ, ಬಾಲ ಮೇಲೆ ಮಾಡಿ ಮೇಯುತ್ತದೆ. ಅದಕ್ಕೆ ಮೊಣಕಾಲುದ್ದದ ನೀರು, ಇಳಿಜಾರು ದಡ, ಗೂಡಿಗೆ ಮರೆ ಬೇಕು. ಜೆಸಿಬಿ ಖರ್ಚು ಜಾಸ್ತಿನೇ.

ಕೆಂಪು ಮಣ್ಣಿನ ದಿಣ್ಣೆಯಾದರೆ ನನ್ನ ಓಟು ಹುಲ್ಲಿಗೆ. ಗೌಜಲಕ್ಕಿ ನೆಲದಲ್ಲೇ, ಹುಲ್ಲಿನ ಮರೆಯಲ್ಲಿ ಮೊಟ್ಟೆ ಇಡುತ್ತದೆ. ಲಂಟಾನ ಕಿತ್ತು, ಹುಲ್ಲು ಸುಡದೆ, ಅಲ್ಲಲ್ಲಿ ಮುಳ್ಳುಪೊದೆ ಉಳಿಸಿ. ನೀಲಗಿರಿಯಂತೂ ಬೇಡವೇ ಬೇಡ.

ಎರಡರಲ್ಲೂ ನಾಯಿ ಕಾಟ ತಪ್ಪಿಸಲೇಬೇಕು. ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಉರುಲು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ.