ಮೇಂಟೈನರ್ ಪಟ್ಟ ನಿಮಗೆ, ಜುಟ್ಟು ಕಂಪನಿಯ ಕೈಯಲ್ಲಿ

ಓಪನ್ ಸೋರ್ಸ್ ಯೋಜನೆಯೊಂದಕ್ಕೆ ಮೇಂಟೈನರ್ ಆಗಿ (ಕೋಡಿನ ಉಸ್ತುವಾರಿ ಹೊತ್ತು) ವರ್ಷಗಟ್ಟಲೆ ಕೋಡ್ ಕೊಡುವ ಮುನ್ನ, ಅಥವಾ ಅದನ್ನೇ ನಂಬಿ ಉತ್ಪನ್ನ ಕಟ್ಟುವ ಮುನ್ನ, ರೆಡಿಸ್ ಎಂಬ ಡೇಟಾಬೇಸ್ ಯೋಜನೆಯಲ್ಲಿ ಆದದ್ದನ್ನು ನೋಡಿಕೊಳ್ಳಿ.

ಅದನ್ನು ಹುಟ್ಟುಹಾಕಿದ ಸಾಲ್ವಟೋರೆ ಸ್ಯಾನ್‌ಫಿಲಿಪೋ 2020ರಲ್ಲಿ ಪಕ್ಕಕ್ಕೆ ಸರಿದರು. ಐವರ ಕೋರ್ ತಂಡ ಬಂತು: ಮೂವರು ರೆಡಿಸ್ ಹಿಂದಿರುವ ಕಂಪನಿ ರೆಡಿಸ್ ಲ್ಯಾಬ್ಸ್‌ನವರು, ಅಮೆಜಾನ್ ಮತ್ತು ಅಲಿಬಾಬಾದಿಂದ ಒಬ್ಬೊಬ್ಬರು. ಕೋಡಿನ ಮಟ್ಟಿಗೆ ಕೆಲಸ ಸಾಗಿತು. ಆದರೆ 2024ರ ಮಾರ್ಚ್ 20ರಂದು, 7.4ನೇ ಆವೃತ್ತಿಯಿಂದ ಮುಂದಕ್ಕೆ ಬಿಎಸ್‌ಡಿ (ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದಾದ ಸಡಿಲ) ಪರವಾನಗಿ ಇಲ್ಲ ಎಂದು ಘೋಷಿಸಿದ್ದು ಆ ಕಂಪನಿ. ಹೊರಗಿನವರಿಗೆ ಉಳಿದದ್ದು ಎದ್ದು ಹೋಗುವ ದಾರಿ ಮಾತ್ರ. ಎಂಟು ದಿನಗಳಲ್ಲಿ ಲಿನಕ್ಸ್ ಫೌಂಡೇಶನ್ ಅಡಿಯಲ್ಲಿ ವಾಲ್ಕಿ ಎಂಬ ಫೋರ್ಕ್ (ಅದೇ ಕೋಡಿನಿಂದ ಕವಲೊಡೆದ ಯೋಜನೆ) ಹುಟ್ಟಿತು. ಹಳೆಯ ಹೆಸರನ್ನು ಒಯ್ಯಲಾಗಲಿಲ್ಲ, ಟ್ರೇಡ್‌ಮಾರ್ಕ್ ಕಂಪನಿಯದು. 2025ರಲ್ಲಿ ಎಜಿಪಿಎಲ್ ಎಂಬ ಓಪನ್ ಸೋರ್ಸ್ ಪರವಾನಗಿಯ ಆಯ್ಕೆ ಸೇರಿತು, ನಿಜ. ಅದನ್ನು ತೀರ್ಮಾನಿಸಿದ್ದೂ ಕಂಪನಿಯೇ.

ಇಲ್ಲಿ ಬಹಳ ಜನ ಎಡವುವುದು ಸಿಎಲ್‌ಎ (ಕೋಡ್ ಕೊಡುವವರು ಅದರ ಹಕ್ಕುಗಳನ್ನು ಯೋಜನೆಗೆ ಬರೆದುಕೊಡುವ ಒಪ್ಪಂದ) ವಿಷಯದಲ್ಲಿ. ಸಿಎಲ್‌ಎಗೆ ಸಹಿ ಹಾಕಿಲ್ಲ, ಹಾಗಾಗಿ ನನ್ನ ಕೋಡ್ ಭದ್ರ ಎಂದುಕೊಳ್ಳುತ್ತಾರೆ. ಬಿಎಸ್‌ಡಿ, ಎಂಐಟಿ, ಅಪಾಚೆಯಂಥ ಸಡಿಲ ಪರವಾನಗಿಯಲ್ಲಿ ಷರತ್ತು ಬದಲಿಸಲು ಸಿಎಲ್‌ಎ ಬೇಕೇ ಇಲ್ಲ. ಕೃತಿಸ್ವಾಮ್ಯದ ಸೂಚನೆ, ಪರವಾನಗಿಯ ಪಠ್ಯ ಉಳಿಸಿಕೊಂಡರೆ ಮುಂದಿನ ಆವೃತ್ತಿಯನ್ನು ಯಾರು ಬೇಕಾದರೂ ಬಿಗಿ ಷರತ್ತಿನಲ್ಲಿ ಹಂಚಬಹುದು. ಕಾಪಿಲೆಫ್ಟ್ (ಬದಲಿಸಿದ ಕೋಡನ್ನೂ ಅದೇ ಷರತ್ತಿನಲ್ಲಿ ಹಂಚಬೇಕೆಂಬ ನಿಯಮ) ಇರುವಲ್ಲಿ ಸಿಎಲ್‌ಎಯೇ ಕೀಲಿಕೈ. 2023ರ ಆಗಸ್ಟ್‌ನಲ್ಲಿ ಹ್ಯಾಶಿಕಾರ್ಪ್ ಕಂಪನಿ ತನ್ನ ಟೆರಾಫಾರ್ಮ್ ತಂತ್ರಾಂಶವನ್ನು ಎಂಪಿಎಲ್ ಎಂಬ ಕಾಪಿಲೆಫ್ಟ್ ಪರವಾನಗಿಯಿಂದ ಬಳಕೆಗೆ ಮಿತಿ ಹಾಕುವ ಬಿಎಸ್‌ಎಲ್‌ಗೆ ಬದಲಿಸಿದಾಗ, ಹೊರಗಿನವರ ಕೋಡಿಗೂ ಅದು ಸಾಧ್ಯವಾದದ್ದು ಅವರು ಸಿಎಲ್‌ಎಗೆ ಸಹಿ ಹಾಕಿದ್ದರಿಂದ. ಆದ್ದರಿಂದ ಸಿಎಲ್‌ಎ ಓದುವಾಗ ಮರುಪರವಾನಗಿ, ಉಪಪರವಾನಗಿ ಎಂಬ ಪದಗಳು ಎಲ್ಲಿವೆ, ಹಕ್ಕು ಯಾರ ಹೆಸರಿಗೆ ಹೋಗುತ್ತದೆ ಎಂಬುದನ್ನು ಮೊದಲು ಹುಡುಕಿ. ಲಿನಕ್ಸ್ ಕರ್ನಲ್‌ನಲ್ಲಿ ಜಿಪಿಎಲ್ ಎಂಬ ಕಾಪಿಲೆಫ್ಟ್ ಪರವಾನಗಿಯ ಜೊತೆ ಇರುವುದು ಬರೀ ಡಿಸಿಒ, ಅಂದರೆ ಈ ಕೋಡ್ ಕೊಡುವ ಹಕ್ಕು ನನಗಿದೆ ಎಂಬ ದೃಢೀಕರಣ. ಕೃತಿಸ್ವಾಮ್ಯ ಸಾವಿರಾರು ಜನರಲ್ಲಿ ಹಂಚಿಹೋಗಿದೆ, ಒಬ್ಬರೇ ಕೂತು ಬದಲಿಸಲಾಗದು.

ಮುಂದಿನದು ಯೋಜನೆ ಯಾರ ಹಿಡಿತದಲ್ಲಿದೆ ಎಂಬ ಲೆಕ್ಕಾಚಾರ. ಯಾರು ಎಷ್ಟು ಕಮಿಟ್ (ದಾಖಲಾದ ಕೋಡ್ ಬದಲಾವಣೆ) ಮಾಡಿದ್ದಾರೆಂದು ತೋರಿಸುವ ಗಿಟ್ ಶಾರ್ಟ್‌ಲಾಗ್ ಆದೇಶವನ್ನು ಕೊನೆಯ 12 ತಿಂಗಳಿಗೆ ಸೀಮಿತಗೊಳಿಸಿ, ಇಮೇಲ್ ಸಹಿತ ಓಡಿಸಿ, ಕಮಿಟ್‌ಗಳನ್ನು ಉದ್ಯೋಗದಾತರ ಪ್ರಕಾರ ಗುಂಪು ಮಾಡಿ. ಕಂಪನಿಯ ನೌಕರರೂ ಸ್ವಂತ ಜಿಮೇಲ್‌ನಿಂದ ಕಮಿಟ್ ಮಾಡುವುದುಂಟು, ಡೊಮೇನ್ ಒಂದನ್ನೇ ನಂಬಿದರೆ ಕಂಪನಿಯ ಪಾಲು ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಕಮಿಟ್‌ಗಿಂತ ಮರ್ಜ್ ಮಾಡಿದವರ (ಬದಲಾವಣೆಯನ್ನು ಒಪ್ಪಿ ಮುಖ್ಯ ಕೋಡಿಗೆ ಸೇರಿಸಿದವರ) ಪಟ್ಟಿ ಮುಖ್ಯ. ಅದಕ್ಕಿಂತ ಮುಖ್ಯ, ಗಿಟ್‌ಹಬ್‌ನಲ್ಲಿರುವ ಯೋಜನೆಯ ಸಂಸ್ಥಾ ಖಾತೆಯ ಓನರ್ ಯಾರು, ಎನ್‌ಪಿಎಂ ಅಥವಾ ಪೈಪಿಐ ಎಂಬ ಪ್ಯಾಕೇಜ್ ಭಂಡಾರಕ್ಕೆ ಪ್ಯಾಕೇಜ್ ಏರಿಸುವ ಖಾತೆ, ರಿಲೀಸ್‌ಗೆ ಸಹಿ ಹಾಕುವ ಕೀ, ಡೊಮೇನ್ ಯಾರದು ಎಂಬುದು. ಇವೆಲ್ಲ ಒಂದೇ ಕಂಪನಿಯಲ್ಲಿದ್ದರೆ ಆಡಳಿತ ಕಡತದಲ್ಲಿ ಏನೇ ಬರೆದಿರಲಿ, ನಿಮ್ಮ ಪಟ್ಟ ಅಲಂಕಾರಕ್ಕೆ.

ಫೌಂಡೇಶನ್ ಇದೆ ಎಂದು ನಿರಾಳವಾಗಬೇಡಿ. ಸದಸ್ಯತ್ವ ಶುಲ್ಕ ಕಟ್ಟಿ ಪಡೆಯುವ ಆಡಳಿತ ಮಂಡಳಿಯ ಕುರ್ಚಿ ಬೇರೆ, ಕೋಡ್ ತೀರ್ಮಾನಿಸುವ ತಾಂತ್ರಿಕ ಸಮಿತಿ ಬೇರೆ. ಎರಡನೆಯದರಲ್ಲಿ ಒಂದು ಕಂಪನಿಗೆ ಎಷ್ಟು ಸ್ಥಾನ ಎಂಬ ಮಿತಿ ಅಂಕಿಯಲ್ಲಿ ಬರೆದಿದೆಯೇ ನೋಡಿ. ಕುಬರ್ನೆಟಿಸ್ ಎಂಬ ಓಪನ್ ಸೋರ್ಸ್ ಯೋಜನೆಯ ಸ್ಟೀರಿಂಗ್ ಸಮಿತಿಯ 7 ಸ್ಥಾನಗಳಲ್ಲಿ ಒಂದೇ ಉದ್ಯೋಗದಾತರಿಗೆ 2ಕ್ಕಿಂತ ಹೆಚ್ಚಿಲ್ಲ. ಕಂಪನಿಗಳು ವಿಲೀನವಾದರೆ ಏನೆಂಬುದೂ ಬರೆದಿರಬೇಕು: 2020ರಲ್ಲಿ ಇಡಿಬಿ ಕಂಪನಿ 2ಎನ್‌ಡಿಕ್ವಾಡ್ರಂಟ್ ಎಂಬ ಕಂಪನಿಯನ್ನು ಕೊಂಡಾಗ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಕೋರ್ ತಂಡದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಂದೇ ಕಂಪನಿಯವರಾಗಿಬಿಟ್ಟರು. ಬೇರೆ ಕಡೆಯ ಇಬ್ಬರನ್ನು ಸೇರಿಸಿಕೊಂಡು ಅದನ್ನು ಸರಿಪಡಿಸಬೇಕಾಯಿತು.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಬದಲು, ಈಗಲೇ ರೆಪೊವಿನ (ಕೋಡ್ ಭಂಡಾರದ) ಪೂರ್ತಿ ಮಿರರ್, ಅಂದರೆ ಯಥಾವತ್ ಪ್ರತಿ, ಇಟ್ಟುಕೊಳ್ಳಿ. ಕೋಡನ್ನು ತಾನಾಗಿ ಕಟ್ಟಿ ಪರೀಕ್ಷಿಸುವ ಕಂಪನಿಯ ಸಿಐ ಸರ್ವರ್, ಖಾಸಗಿ ಪರೀಕ್ಷಾ ದತ್ತಾಂಶ ಯಾವುದೂ ಇಲ್ಲದೆ ನಿಮ್ಮ ಯಂತ್ರದಲ್ಲೇ ಬಿಲ್ಡ್ ಆಗುತ್ತದೆಯೇ ಎಂದು ಒಮ್ಮೆ ಓಡಿಸಿ. ಆಗದಿದ್ದರೆ ಪರವಾನಗಿ ಕೊಟ್ಟ ಫೋರ್ಕ್ ಹಕ್ಕು ಬರೀ ಕಾಗದದ ಮೇಲಿದೆ.